ಮನ್ರೋ ಸಾಹೇಬನ ಮನೆತನ ಮತ್ತು ಊರಿನ ಕಡತ: ಸ್ಕಾಟ್ಲೆಂಡಿನ ವರ್ತಕ ಕುಟುಂಬಗಳ ವಂಶಾವಳಿ ಹುಡುಕುವ ಬಗೆ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಾರೆ. ಅಂಗಳದಲ್ಲಿ ನಿಂತು ಮನೆಯ ಯಜಮಾನನ ತಂದೆ ಯಾರು, ಅಜ್ಜ ಯಾರು, ಮುತ್ತಜ್ಜ ಯಾವ ಊರಿನಿಂದ ಗುಳೆ ಎದ್ದು ಬಂದ ಎಂದು ತಲೆಮಾರು ತಲೆಮಾರಾಗಿ ಒಪ್ಪಿಸುತ್ತಾರೆ. ಆಮೇಲೆ ಮನೆಯಲ್ಲಿ ಹುಟ್ಟಿದ ಹೊಸ ಮಗುವಿನ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು, ಕೊಟ್ಟ ಕಾಳು ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಸ್ಕಾಟ್ಲೆಂಡಿನ ಪೇಟೆಗಳಲ್ಲಿ ಹೆಳವರಿರಲಿಲ್ಲ. ಆದರೆ ಅಲ್ಲಿನ ವರ್ತಕ ಮನೆತನಗಳ ಮಟ್ಟಿಗೆ ಹೆಚ್ಚು ಕಡಿಮೆ ಅದೇ ಕೆಲಸವನ್ನು ಊರಿನ ಆಡಳಿತದ ಗುಮಾಸ್ತ ತನಗೆ ಗೊತ್ತಿಲ್ಲದೆಯೇ ಶತಮಾನಗಳ ಕಾಲ ಮಾಡಿದ್ದಾನೆ. ಅದು ಹೇಗೆಂಬುದು ತಿಳಿದರೆ ಹುಡುಕಾಟದ ಅರ್ಧ ದಾರಿ ಸವೆದಂತೆ.

ನಮಗೆ ಈ ವಿಷಯ ದೂರದ್ದೇನೂ ಅಲ್ಲ. ಮಂತ್ರಾಲಯಕ್ಕೆ ಹೋಗಿ ಬಂದವರೆಲ್ಲ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥಾಮಸ್ ಮನ್ರೋನ ಹೆಸರು ಕೇಳಿರುತ್ತಾರೆ. ಮಠದ ಜಮೀನಿನ ವಿಚಾರಣೆಗೆ ಬಂದ ಆತನಿಗೆ ರಾಘವೇಂದ್ರ ಸ್ವಾಮಿಗಳು ದರ್ಶನವಿತ್ತು ಮಾತನಾಡಿದರೆಂಬುದು ಭಕ್ತರ ನಂಬಿಕೆ. ಬಳ್ಳಾರಿ ಸೀಮೆಯ ಕಂದಾಯದ ಇತಿಹಾಸ, ರೈತವಾರಿ ಪದ್ಧತಿ, 1799ರ ನಂತರದ ಕೆನರಾ ಜಿಲ್ಲೆಯ ಆಡಳಿತ, ಈ ಮೂರೂ ಅವನ ಹೆಸರಿಲ್ಲದೆ ಪೂರ್ಣವಾಗುವುದಿಲ್ಲ. ಆತ 1761ರ ಮೇ 27ರಂದು ಗ್ಲಾಸ್ಗೋದಲ್ಲಿ ವರ್ತಕನ ಮಗನಾಗಿ ಹುಟ್ಟಿದವನು. ಊರೂರಿನ ಹಳೆಯ ವೃತ್ತಾಂತಗಳಾದ ಕೈಫಿಯತ್ತುಗಳಿಂದ ನಮಗೆ ಪರಿಚಿತನಾದ ಕಾಲಿನ್ ಮೆಕೆಂಜಿ ಕೂಡ ಸ್ಟಾರ್ನೊವೇ ಎಂಬ ಬಂದರು ಪಟ್ಟಣದ ವರ್ತಕನ ಮಗ. ಇಂಥವರ ಹಿನ್ನೆಲೆ ಹುಡುಕಲು ಈಗ ಹಡಗು ಹತ್ತಬೇಕಾಗಿಲ್ಲ. ಸ್ಕಾಟ್ಲೆಂಡಿನ ರಾಷ್ಟ್ರೀಯ ದಾಖಲಾತಿ ಸಂಸ್ಥೆಯ ‘ಸ್ಕಾಟ್ಲೆಂಡ್ಸ್ ಪೀಪಲ್’ ಜಾಲತಾಣದಲ್ಲಿ ಹಳೆಯ ದಾಖಲೆಗಳ ಪುಟಗಳನ್ನೇ ತೆರೆದು ನೋಡಬಹುದು. ಆದರೆ ಆ ಪುಟದಲ್ಲಿರುವುದು ಏನು, ಅದನ್ನು ಯಾಕೆ ಬರೆದರು ಎಂಬುದು ಗೊತ್ತಿಲ್ಲದಿದ್ದರೆ ಹಣ ಕೊಟ್ಟು ತೆರೆದ ಪುಟವೂ ಮೂಕವಾಗಿಯೇ ಉಳಿಯುತ್ತದೆ.

‘ಬರೊ’ ಎಂದರೆ ಎಂಥ ಊರು

ಸ್ಕಾಟ್ಲೆಂಡಿನಲ್ಲಿ ಮನೆಗಳು ಹೆಚ್ಚಿದ ಮಾತ್ರಕ್ಕೆ ಒಂದು ಊರು ಪಟ್ಟಣವೆನಿಸುತ್ತಿರಲಿಲ್ಲ. ರಾಜನಿಂದಲೋ ಬಿಷಪ್ಪನಂಥ ಧಣಿಯಿಂದಲೋ ಸನ್ನದು ಪಡೆದ ಊರಿಗೆ ಮಾತ್ರ ಸಂತೆ ನಡೆಸುವ, ಸುಂಕ ಎತ್ತುವ, ತನ್ನ ನ್ಯಾಯ ತಾನೇ ನೋಡಿಕೊಳ್ಳುವ ಹಕ್ಕಿತ್ತು. ಅಂಥ ಊರಿಗೆ ‘ಬರೊ’ ಎಂದು ಹೆಸರು. 12ನೇ ಶತಮಾನದಲ್ಲಿ, ಒಂದನೇ ಡೇವಿಡ್ ಆಳುತ್ತಿದ್ದ ಕಾಲದಲ್ಲಿ, ಈ ವ್ಯವಸ್ಥೆ ಬೇರೂರಿತು. ರಾಜನಿಂದಲೇ ನೇರವಾಗಿ ಸನ್ನದು ಪಡೆದ ಊರು ‘ರಾಯಲ್ ಬರೊ’. ಹೊರದೇಶದ ವ್ಯಾಪಾರ 1672ರವರೆಗೆ ಬಹುಮಟ್ಟಿಗೆ ಇಂಥ ಊರುಗಳ ವರ್ತಕರ ಸೊತ್ತಾಗಿತ್ತು. ಗ್ಲಾಸ್ಗೋ ಮೊದಲು ಬಿಷಪ್ಪನ ಊರಾಗಿದ್ದು, 1611ರಲ್ಲಿ ರಾಯಲ್ ಬರೊ ಆಯಿತು.

ಊರಿನ ನಕಾಶೆಯಲ್ಲೇ ಅದರ ಬದುಕು ಕಾಣುತ್ತಿತ್ತು. ಗ್ಲಾಸ್ಗೋದಲ್ಲಿ ಹೈ ಸ್ಟ್ರೀಟ್, ಗ್ಯಾಲೋಗೇಟ್, ಟ್ರಾನ್‌ಗೇಟ್, ಸಾಲ್ಟ್‌ಮಾರ್ಕೆಟ್ ಎಂಬ ನಾಲ್ಕು ಬೀದಿಗಳು ಕೂಡುವ ಜಾಗವೇ ಊರಿನ ಹೊಕ್ಕುಳು. ಅಲ್ಲಿ ಮಾರುಕಟ್ಟೆಯ ಕಂಬವಿತ್ತು. ರಾಜಾಜ್ಞೆ ಬಂದರೆ ಅದರ ಬಳಿ ನಿಂತು ಸಾರುತ್ತಿದ್ದರು. ಪಕ್ಕದಲ್ಲಿ ‘ಟೋಲ್‌ಬೂತ್’, ಅಂದರೆ ಸುಂಕದ ಕಟ್ಟೆ, ಸಭಾಭವನ, ಸೆರೆಮನೆ ಮೂರೂ ಒಂದೇ ಕಟ್ಟಡದಲ್ಲಿ. 1626ರ ಹೊತ್ತಿಗೆ ಕಟ್ಟಿದ ಅದರ ಗೋಪುರ ಇವತ್ತಿಗೂ ವಾಹನಗಳ ನಡುವೆ ಒಂಟಿಯಾಗಿ ನಿಂತಿದೆ. ‘ಟ್ರಾನ್’ ಎಂದರೆ ಊರಿನ ಅಧಿಕೃತ ತಕ್ಕಡಿ. ನಮ್ಮ ಎಪಿಎಂಸಿ ಅಂಗಳದ ತೂಕದ ಕಟ್ಟೆಯಂತೆ, ಸರಕು ಅಲ್ಲಿ ತೂಗಿಸಿಕೊಂಡರೆ ಮಾತ್ರ ಲೆಕ್ಕ. ಬೀದಿಗೆ ಕಿರಿದಾದ ಮುಖ, ಹಿಂದಕ್ಕೆ ಉದ್ದನೆಯ ಹಿತ್ತಲು, ಹಿತ್ತಲಿಗೆ ಹೋಗಲು ಇಕ್ಕಟ್ಟಾದ ಸಂದಿ, ಇದು ಅಲ್ಲಿನ ನಿವೇಶನದ ಸ್ವರೂಪ. ಈ ಸಂದಿಗಳಿಗೆ ‘ಕ್ಲೋಸ್’, ‘ವೈಂಡ್’ ಎನ್ನುತ್ತಾರೆ. ಎಷ್ಟೋ ಸಂದಿಗಳಿಗೆ ಅಲ್ಲಿ ಮನೆ ಹೊಂದಿದ್ದ ವರ್ತಕನ ಹೆಸರೇ ಉಳಿದಿರುವುದರಿಂದ ವಿಳಾಸವೂ ವಂಶದ ಸುಳಿವಾಗುತ್ತದೆ.

ಬರ್ಜೆಸ್: ನೆಂಟಸ್ತಿಕೆಯಿಂದ ದಕ್ಕುವ ಹಕ್ಕು

ಊರಿನಲ್ಲಿ ವಾಸವಿದ್ದವರೆಲ್ಲ ಅಲ್ಲಿ ಅಂಗಡಿ ತೆರೆಯುವಂತಿರಲಿಲ್ಲ. ಅದಕ್ಕೆ ‘ಬರ್ಜೆಸ್’ ಆಗಬೇಕಿತ್ತು, ಅಂದರೆ ಊರಿನ ಹಕ್ಕುದಾರ ಸದಸ್ಯನಾಗಬೇಕಿತ್ತು. ಬರ್ಜೆಸ್ ಆದವನು ಪ್ರಮಾಣವಚನ ಸ್ವೀಕರಿಸಿ, ಊರಿನ ತೆರಿಗೆಯ ಪಾಲು ಕೊಟ್ಟು, ಸರದಿ ಬಂದಾಗ ರಾತ್ರಿ ಕಾವಲಿಗೂ ನಿಲ್ಲಬೇಕಿತ್ತು. ಪ್ರತಿಯಾಗಿ ಊರೊಳಗೆ ವ್ಯಾಪಾರ ಮಾಡುವ ಹಕ್ಕು ಅವನದಾಗುತ್ತಿತ್ತು.

ವಂಶಾವಳಿ ಹುಡುಕುವವರಿಗೆ ಮುಖ್ಯವಾದದ್ದು ಈ ಹಕ್ಕು ಸಿಗುತ್ತಿದ್ದ ಬಗೆ. ತಂದೆ ಬರ್ಜೆಸ್ ಆಗಿದ್ದರೆ ಮಗನಿಗೆ ಕಡಿಮೆ ಶುಲ್ಕದಲ್ಲಿ ಹಕ್ಕು ದೊರೆಯುತ್ತಿತ್ತು. ಬರ್ಜೆಸ್ ಒಬ್ಬನ ಮಗಳನ್ನು ಮದುವೆಯಾದ ಅಳಿಯನಿಗೂ ಅದೇ ರಿಯಾಯಿತಿ ಇತ್ತು. ಬರ್ಜೆಸ್ ಒಬ್ಬನ ಕೈಕೆಳಗೆ ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡಿದವನಿಗೂ ದಾರಿ ತೆರೆದಿತ್ತು. ಈ ಯಾವ ನಂಟೂ ಇಲ್ಲದ ಹೊರಗಿನವನು ಹೆಚ್ಚು ಹಣ ತೆರಬೇಕಿತ್ತು; ಗಣ್ಯರಿಗೆ ಊರೇ ಗೌರವಪೂರ್ವಕವಾಗಿ ಪುಕ್ಕಟೆ ಕೊಡುತ್ತಿತ್ತು. ಶುಲ್ಕ ಎಷ್ಟೆಂದು ನಿಗದಿಪಡಿಸಲು ನಂಟು ಯಾವುದೆಂದು ತಿಳಿಯಲೇಬೇಕಾದ್ದರಿಂದ ಗುಮಾಸ್ತ ಅದನ್ನು ಪುಸ್ತಕದಲ್ಲಿ ಬರೆದ. ‘ಇಂಥವನು, ವರ್ತಕ, ಇಂಥ ಬರ್ಜೆಸ್‌ನ ಹಿರಿಯ ಮಗನೆಂಬ ಹಕ್ಕಿನಿಂದ’ ಎಂದೋ, ‘ಇಂಥವನ ಮಗಳು ಇಂಥವಳನ್ನು ಮದುವೆಯಾದ ಹಕ್ಕಿನಿಂದ’ ಎಂದೋ ಒಂದೇ ಸಾಲು. ಆ ಒಂದು ಸಾಲಿನಲ್ಲಿ ಎರಡು ತಲೆಮಾರು, ಕೆಲವೊಮ್ಮೆ ಎರಡು ಮನೆತನ, ಒಂದು ಕಸುಬು, ಒಂದು ದಿನಾಂಕ ಸಿಕ್ಕಿಬಿಡುತ್ತವೆ. ಚರ್ಚಿನ ಪುಸ್ತಕ ಕಳೆದುಹೋದ ಕಡೆಯೂ ಈ ಸಾಲು ಉಳಿದಿರಬಹುದು. ಗ್ಲಾಸ್ಗೋದ 1573ರಿಂದ 1846ರವರೆಗಿನ ಬರ್ಜೆಸ್ ಪಟ್ಟಿಗಳು ಎರಡು ಸಂಪುಟಗಳಲ್ಲಿ ಅಚ್ಚಾಗಿವೆ. ಪಟ್ಟಿ 1846ಕ್ಕೆ ನಿಲ್ಲಲು ಕಾರಣವಿದೆ: ಆ ವರ್ಷದ ಕಾಯಿದೆಯೊಂದು ಬರ್ಜೆಸ್‌ಗಳಿಗಿದ್ದ ವ್ಯಾಪಾರದ ಏಕಸ್ವಾಮ್ಯವನ್ನು ರದ್ದುಗೊಳಿಸಿತು.

ಬರ್ಜೆಸ್‌ಗಳಲ್ಲೂ ಎರಡು ಬಣಗಳು. ಕೊಂಡು ಮಾರುವವರು ವರ್ತಕರು. ಕೈಯಿಂದ ಮಾಡಿ ಮಾರುವವರು ಕುಶಲಕರ್ಮಿಗಳು. ನಮ್ಮ ಶಾಸನಗಳಲ್ಲಿ ಬರುವ ಐಹೊಳೆಯ ಐನೂರ್ವರನ್ನು ನೆನೆದರೆ ವರ್ತಕರ ಸಂಘಟನೆಯ ಕಲ್ಪನೆ ಬರುತ್ತದೆ. ಆದರೆ ಐನೂರ್ವರು ನಾಡಿನಿಂದ ನಾಡಿಗೆ ಸಂಚರಿಸಿದವರು, ಸ್ಕಾಟ್ಲೆಂಡಿನ ‘ಗಿಲ್ಡ್’, ಅಂದರೆ ವರ್ತಕರ ಸಂಘ, ಒಂದೇ ಊರಿಗೆ ಕಟ್ಟುಬಿದ್ದದ್ದು. ಗ್ಲಾಸ್ಗೋದಲ್ಲಿ ಎರಡು ಬಣಗಳ ಜಗಳ ಬಗೆಹರಿಸಲು 1605ರಲ್ಲಿ ‘ಲೆಟರ್ ಆಫ್ ಗಿಲ್ಡ್ರಿ’ ಎಂಬ ಒಪ್ಪಂದವಾಯಿತು. ವರ್ತಕರ ಮುಖಂಡನಿಗೆ ‘ಡೀನ್ ಆಫ್ ಗಿಲ್ಡ್’ ಎಂದು ಹೆಸರಾಯಿತು. ತೂಕ-ಅಳತೆ, ಗೋಡೆ-ಗಡಿಯ ತಕರಾರುಗಳು ಅವನ ನ್ಯಾಯಾಲಯಕ್ಕೆ ಬರುತ್ತಿದ್ದವು. ದರ್ಜಿ, ನೇಕಾರ, ಕಮ್ಮಾರ, ಬೇಕರಿಯವ ಮುಂತಾದ 14 ಕಸುಬುಗಳಿಗೆ ಅವುಗಳದೇ ಸಂಘಗಳಿದ್ದವು. ಮನೆತನ ಒಂದೇ ಬಣದಲ್ಲಿ ಉಳಿಯಲೇಬೇಕೆಂದಿರಲಿಲ್ಲ. ಅಜ್ಜ ದರ್ಜಿ, ಮಗ ಬಟ್ಟೆ ವ್ಯಾಪಾರಿ, ಮೊಮ್ಮಗ ಹಡಗಿನಲ್ಲಿ ಸರಕು ಕಳಿಸುವ ವರ್ತಕ, ಇಂಥ ಏರಿಕೆ ಸಾಧ್ಯವಿತ್ತು. ಆದ್ದರಿಂದ ವರ್ತಕರ ಪಟ್ಟಿಯಲ್ಲಿ ಅಜ್ಜ ಸಿಗದಿದ್ದರೆ ಕಸುಬುದಾರರ ಪಟ್ಟಿಯಲ್ಲಿ ಹುಡುಕಬೇಕು.

ಚರ್ಚಿನ ಪುಸ್ತಕ ಮತ್ತು ಅದರ ತೂತುಗಳು

ಹುಡುಕಾಟ ಯಾವಾಗಲೂ ಇತ್ತೀಚಿನಿಂದ ಹಿಂದಕ್ಕೆ ಸಾಗಬೇಕು. ಸ್ಕಾಟ್ಲೆಂಡಿನಲ್ಲಿ ಜನನ, ಮದುವೆ, ಮರಣಗಳ ಕಡ್ಡಾಯ ಸರ್ಕಾರಿ ನೋಂದಣಿ ಶುರುವಾದದ್ದು 1855ರ ಜನವರಿ 1ರಂದು. ಅಲ್ಲಿನ ಮರಣಪತ್ರದಲ್ಲಿ ಸತ್ತವರ ತಂದೆಯ ಹೆಸರಿನ ಜೊತೆಗೆ ತಾಯಿಯ ತವರಿನ ಮನೆತನದ ಹೆಸರೂ ಇರುತ್ತದೆ. 1855ರಲ್ಲಿ 80 ವರ್ಷದ ವೃದ್ಧೆಯೊಬ್ಬಳು ತೀರಿಕೊಂಡಿದ್ದರೆ, ಮಾಹಿತಿ ಕೊಟ್ಟವರಿಗೆ ಗೊತ್ತಿದ್ದ ಪಕ್ಷದಲ್ಲಿ, ಆ ಒಂದು ಹಾಳೆ ನಮ್ಮನ್ನು 18ನೇ ಶತಮಾನದ ಮಧ್ಯಭಾಗದಲ್ಲಿ ಹುಟ್ಟಿದ ಆಕೆಯ ತಂದೆತಾಯಿಯರವರೆಗೆ ಕರೆದೊಯ್ಯುತ್ತದೆ. ಮೊದಲ ವರ್ಷದ ನಮೂನೆಯಂತೂ ಅಷ್ಟು ವಿವರ ಕೇಳುತ್ತಿತ್ತೆಂದರೆ, ಮಗುವಿನ ಜನನಪತ್ರದಲ್ಲೇ ತಂದೆತಾಯಿಯರ ವಯಸ್ಸು, ಹುಟ್ಟಿದ ಊರು, ಮದುವೆಯ ವಿವರ, ಮೊದಲಿನ ಮಕ್ಕಳ ಲೆಕ್ಕ ಎಲ್ಲವೂ ತುಂಬಬೇಕಿತ್ತು. ಹೊರೆ ಹೆಚ್ಚಾಯಿತೆಂದು ಮರುವರ್ಷವೇ ಇಳಿಸಿದರು. 1841ರಿಂದ ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಯ ಹೆಸರಿನ ಪಟ್ಟಿಗಳೂ ಸಿಗುತ್ತವೆ.

1855ರ ಹಿಂದಿನದಕ್ಕೆ ಪ್ಯಾರಿಷ್ ಪುಸ್ತಕಗಳೇ ಗತಿ. ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ. ಉಳಿದುಬಂದವುಗಳಲ್ಲಿ ಅತಿ ಹಳೆಯದು ಎರಲ್ ಎಂಬ ಪ್ಯಾರಿಷ್‌ನದು, 1553ರಿಂದ ಶುರುವಾಗುತ್ತದೆ. ಬಹುಪಾಲು ಇನ್ನೂ ಎಷ್ಟೋ ಕಾಲದ ನಂತರದವು. ಇವುಗಳಲ್ಲಿ ಸಾಮಾನ್ಯವಾಗಿ ಬರೆದಿರುವುದು ಜನನವನ್ನಲ್ಲ, ನಾಮಕರಣದ ದೀಕ್ಷಾಸ್ನಾನವನ್ನು. ಅನೇಕ ಕಡೆ ಮದುವೆಯನ್ನಲ್ಲ, ಮದುವೆಯ ಪೂರ್ವದಲ್ಲಿ ಚರ್ಚಿನಲ್ಲಿ ಮಾಡುತ್ತಿದ್ದ ಘೋಷಣೆಯನ್ನು. ಸ್ಥಾಪಿತ ಚರ್ಚಿನಿಂದ 1733ರ ಹೊತ್ತಿಗೆ ಸಿಡಿದು ಹೊರಹೋದ ಪಂಗಡದವರ ಮಕ್ಕಳು ಎಷ್ಟೋ ಬಾರಿ ಈ ಪುಸ್ತಕದಲ್ಲಿ ಇರುವುದೇ ಇಲ್ಲ. 1783ರಿಂದ 1794ರವರೆಗೆ ಪ್ರತಿ ನಮೂದಿಗೂ ಮೂರು ಪೆನ್ನಿ ತೆರಿಗೆ ಹಾಕಿದ್ದರಿಂದ ಬಡವರು ಬರೆಸುವುದನ್ನೇ ಬಿಟ್ಟರು. ಹೀಗಾಗಿ ಹೆಸರು ಸಿಗಲಿಲ್ಲವೆಂದ ಮಾತ್ರಕ್ಕೆ ಆ ವ್ಯಕ್ತಿ ಆ ಊರಿನಲ್ಲಿ ಹುಟ್ಟಿರಲಿಲ್ಲವೆಂದು ತೀರ್ಮಾನಿಸುವಂತಿಲ್ಲ.

ಹೆಂಗಸರನ್ನು ಹುಡುಕುವುದು ಮಾತ್ರ ಇಂಗ್ಲೆಂಡಿಗಿಂತ ಇಲ್ಲಿ ಸುಲಭ. ಮದುವೆಯಾದ ಮೇಲೂ ಕಾಗದಪತ್ರಗಳಲ್ಲಿ ಸ್ಕಾಟ್ ಹೆಣ್ಣಿಗೆ ತವರಿನ ಹೆಸರೇ ಇರುತ್ತಿತ್ತು. ಮನ್ರೋನ ತಾಯಿ ನಮಗೆ ಇವತ್ತಿಗೂ ಮಾರ್ಗರೆಟ್ ಸ್ಟಾರ್ಕ್ ಆಗಿಯೇ ಸಿಗುತ್ತಾಳೆ. ಆ ಹೆಸರು ಹಿಡಿದು ಹೋದರೆ ವೈದ್ಯ ವಿಲಿಯಂ ಸ್ಟಾರ್ಕ್ ಆಕೆಯ ಸಹೋದರನೆಂಬುದು ತಿಳಿಯುತ್ತದೆ.

ಹೆಸರಿಡುವ ರೂಢಿಯೂ ದಾರಿದೀಪ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು, ಮೂರನೆಯವನಿಗೆ ತಂದೆಯ ಹೆಸರು. ಹೆಣ್ಣುಮಕ್ಕಳಲ್ಲಿ ಮೊದಲನೆಯವಳಿಗೆ ತಾಯಿಯ ತಾಯಿಯ ಹೆಸರು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಮಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಮನ್ರೋನ ತಂದೆ ಅಲೆಕ್ಸಾಂಡರ್, ಮನ್ರೋನ ಸಹೋದರನೊಬ್ಬನೂ ಅಲೆಕ್ಸಾಂಡರ್. ಅವನ ಸಹೋದರಿಯ ಹೆಸರು ಅರ್‌ಸ್ಕಿನ್. ಅದು ಮೂಲತಃ ಒಂದು ಮನೆತನದ ಹೆಸರು. ಮನೆತನದ ಹೆಸರನ್ನೇ ಮಗುವಿಗೆ ಇಟ್ಟದ್ದು ಕಂಡರೆ ಹಿಂದೆ ಎಲ್ಲೋ ಒಂದು ನೆಂಟಸ್ತಿಕೆಯೋ ಸ್ನೇಹವೋ ಇದ್ದೀತೆಂದು ಗುರುತುಹಾಕಿಕೊಳ್ಳಬೇಕು. ಆದರೆ ರೂಢಿ ಕಾನೂನಲ್ಲ. ಅದು ಎಲ್ಲಿ ಹುಡುಕಬೇಕೆಂದು ತೋರಿಸುತ್ತದೆಯೇ ಹೊರತು ಸಾಕ್ಷ್ಯವಾಗಿ ನಿಲ್ಲುವುದಿಲ್ಲ.

ಸತ್ತ ಮೇಲೆ ತೆರೆಯುವ ಪೆಟ್ಟಿಗೆ

ವರ್ತಕನ ಬದುಕನ್ನು ಹತ್ತಿರದಿಂದ ನೋಡಬೇಕಾದರೆ ಅವನ ‘ಟೆಸ್ಟಮೆಂಟ್’ ಓದಬೇಕು. ಇದನ್ನು ಉಯಿಲು ಎಂದು ಅನುವಾದಿಸಿಬಿಟ್ಟರೆ ಎಡವುತ್ತೇವೆ. ಸತ್ತವನ ಚರಾಸ್ತಿಯನ್ನು ವಿಲೇವಾರಿ ಮಾಡಲು ನ್ಯಾಯಾಲಯ ಕೊಡುತ್ತಿದ್ದ ದೃಢೀಕರಣವೇ ಟೆಸ್ಟಮೆಂಟ್. ಉಯಿಲು ಇದ್ದರೆ ಅದೂ ಅದರೊಳಗೆ ಸೇರುತ್ತಿತ್ತು, ಇಲ್ಲದಿದ್ದರೂ ಟೆಸ್ಟಮೆಂಟ್ ಆಗುತ್ತಿತ್ತು. 16ನೇ ಶತಮಾನದಿಂದ ಇವು ಉಳಿದಿವೆ. ಅದರ ಮುಖ್ಯ ಭಾಗ ಪಂಚನಾಮೆಯಂಥ ಪಟ್ಟಿ: ಅಂಗಡಿಯಲ್ಲಿದ್ದ ಲಿನನ್ ಬಟ್ಟೆ ಇಷ್ಟು, ಮನೆಯ ಬೆಳ್ಳಿ ಚಮಚಗಳು ಇಷ್ಟು, ಹಡಗಿನಲ್ಲಿ ಎಂಟನೇ ಒಂದು ಪಾಲು, ಇಂಥವರಿಂದ ಬರಬೇಕಾದ ಸಾಲ, ಇಂಥವರಿಗೆ ಕೊಡಬೇಕಾದ ಸಾಲ, ಮನೆಗೆಲಸದವಳ ಬಾಕಿ ಸಂಬಳ. ಸಾಲಗಾರರ ಹೆಸರುಗಳ ಸಾಲನ್ನು ಅನೇಕರು ಓದದೆ ದಾಟಿಹೋಗುತ್ತಾರೆ. ಆದರೆ ವರ್ತಕರು ಸಾಲ ಕೊಟ್ಟುಕೊಳ್ಳುತ್ತಿದ್ದದ್ದು ಬಹುಪಾಲು ಭಾವಮೈದುನ, ಸೋದರಮಾವ, ಹಳೆಯ ಯಜಮಾನರ ನಡುವೆಯೇ ಆದ್ದರಿಂದ ಬಂಧುಬಳಗದ ಇಡೀ ಜಾಲ ಆ ಸಾಲಿನಲ್ಲೇ ಹರಡಿರುತ್ತದೆ.

ಹಂಚಿಕೆಯ ನಿಯಮವೂ ಗೊತ್ತಿರಬೇಕು. ಹೆಂಡತಿ ಮಕ್ಕಳಿಬ್ಬರೂ ಇದ್ದರೆ ಚರಾಸ್ತಿಯನ್ನು ಮೂರು ಪಾಲು ಮಾಡಿ ಒಂದು ವಿಧವೆಗೆ, ಒಂದು ಮಕ್ಕಳಿಗೆ ಹೋಗುತ್ತಿತ್ತು. ಉಳಿದ ಮೂರನೆಯ ಪಾಲನ್ನು ಮಾತ್ರ ಸತ್ತವನು ತನ್ನ ಇಚ್ಛೆಯಂತೆ ಬರೆದಿಡಬಹುದಿತ್ತು. ಅದಕ್ಕೆ ‘ಸತ್ತವನ ಪಾಲು’ ಎಂದೇ ಹೆಸರು.

ಮನೆ, ಜಮೀನು ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. 1868ರವರೆಗೆ ಸ್ಥಿರಾಸ್ತಿಯನ್ನು ಉಯಿಲಿನಲ್ಲಿ ಬರೆಯುವಂತೆಯೇ ಇರಲಿಲ್ಲ. ಬೇರೆ ಏರ್ಪಾಡು ಇಲ್ಲದಿದ್ದರೆ ಅದು ಹಿರಿಯ ಮಗನಿಗೆ ಹೋಗುತ್ತಿತ್ತು. ಆದ್ದರಿಂದ ಟೆಸ್ಟಮೆಂಟಿನಲ್ಲಿ ಹಿರಿಯ ಮಗನ ಪ್ರಸ್ತಾಪವಿಲ್ಲದಿದ್ದರೆ ಅವನು ಸತ್ತನೆಂದೋ ತಂದೆಯೊಡನೆ ಜಗಳವಾಡಿದನೆಂದೋ ಊಹಿಸಬೇಕಾಗಿಲ್ಲ; ಅವನಿಗೆ ಮನೆಯೇ ಸಿಕ್ಕಿರಬಹುದು. ಅದನ್ನು ನೋಡಲು ‘ಸೇಸಿನ್’ ದಾಖಲೆಗೆ ಹೋಗಬೇಕು. ನಮ್ಮ ಉಪನೋಂದಣಿ ಕಚೇರಿಯ ಪುಸ್ತಕದಂತೆ, ಯಾವ ಜಾಗ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದರ ಸಾರ್ವಜನಿಕ ದಾಖಲೆ ಅದು, 1617ರಿಂದ ಶುರುವಾಯಿತು. ಕಾಗದಕ್ಕೆ ಮೊದಲು ಒಂದು ವಿಧಿ ನಡೆಯುತ್ತಿತ್ತು: ಜಾಗದ ಮೇಲೆಯೇ ಎರಡೂ ಕಡೆಯವರು ನಿಂತು, ಆ ನೆಲದ ಒಂದು ಹಿಡಿ ಮಣ್ಣು ಮತ್ತು ಒಂದು ಕಲ್ಲನ್ನು ಕೊಡುವವನ ಪರವಾಗಿ ಪಡೆಯುವವನ ಕೈಗೆ ಹಾಕುತ್ತಿದ್ದರು, ನೋಟರಿ ಅದನ್ನು ಕಂಡು ಬರೆದುಕೊಳ್ಳುತ್ತಿದ್ದ. ರಾಯಲ್ ಬರೊಗಳ ಒಳಗಿನ ಮನೆಗಳಿಗೆ 1681ರಿಂದ ಊರಿನದೇ ಬೇರೆ ಸೇಸಿನ್ ಪುಸ್ತಕ ಇದ್ದುದರಿಂದ, ಜಿಲ್ಲೆಯ ಪುಸ್ತಕದಲ್ಲಿ ಗ್ಲಾಸ್ಗೋ ವರ್ತಕನ ಮನೆ ಸಿಗಲಿಲ್ಲವೆಂದು ಕೈಚೆಲ್ಲಬಾರದು.

ಹಣದ ಅಂಕಿ ಓದುವಾಗಲೂ ಎಚ್ಚರ ಬೇಕು. 1707ಕ್ಕೆ ಹಿಂದಿನ ಕಾಗದಗಳಲ್ಲಿ ಬರುವ ಪೌಂಡ್ ಬಹುಮಟ್ಟಿಗೆ ಸ್ಕಾಟ್ ಪೌಂಡ್. ಅಂಥ 12 ಪೌಂಡ್ ಸೇರಿದರೆ ಇಂಗ್ಲೆಂಡಿನ ಒಂದು ಪೌಂಡ್. 1,200 ಪೌಂಡಿನ ಆಸ್ತಿ ಕಂಡು ಶ್ರೀಮಂತನೆಂದುಕೊಂಡವನು ನಿಜದಲ್ಲಿ 100 ಪೌಂಡಿನ ಸಾಧಾರಣ ಅಂಗಡಿಕಾರನಾಗಿರಬಹುದು.

ಹೊಗೆಸೊಪ್ಪು ಕಟ್ಟಿದ ಊರು, ಮುಳುಗಿಸಿದ ಮನೆ

ಮನ್ರೋನ ತಂದೆಯ ವ್ಯಾಪಾರ ಮುಖ್ಯವಾಗಿ ಅಮೆರಿಕದ ವರ್ಜೀನಿಯಾದೊಡನೆ. 1707ರಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡಿನೊಡನೆ ಒಂದಾದಾಗ ಇಂಗ್ಲೆಂಡಿನ ವಸಾಹತುಗಳ ವ್ಯಾಪಾರ ಸ್ಕಾಟ್ ವರ್ತಕರಿಗೆ ಕಾನೂನುಬದ್ಧವಾಗಿ ತೆರೆದುಕೊಂಡಿತು. ಗ್ಲಾಸ್ಗೋದವರು ವರ್ಜೀನಿಯಾದ ನದಿದಂಡೆಗಳಲ್ಲಿ ಅಂಗಡಿಗಳನ್ನಿಟ್ಟು, ಬೆಳೆಗಾರರಿಗೆ ಬಟ್ಟೆ, ಸಲಕರಣೆ, ಮನೆಸಾಮಾನುಗಳನ್ನು ಉದ್ದರಿ ಕೊಟ್ಟು, ಸುಗ್ಗಿಯಲ್ಲಿ ಹೊಗೆಸೊಪ್ಪಿನ ರೂಪದಲ್ಲಿ ವಸೂಲಿ ಮಾಡುತ್ತಿದ್ದರು. ನಮ್ಮ ದಲ್ಲಾಳಿ ಅಂಗಡಿಯಲ್ಲಿ ಬೀಜ-ಗೊಬ್ಬರ ಸಾಲ ಪಡೆದು ಬೆಳೆಯನ್ನು ಅಲ್ಲಿಗೇ ಹಾಕುವ ರೈತನ ಸ್ಥಿತಿ ಬಲ್ಲವರಿಗೆ ಈ ಲೆಕ್ಕ ಥಟ್ಟನೆ ಅರ್ಥವಾಗುತ್ತದೆ. 1770ರ ದಶಕದ ಆರಂಭದ ಹೊತ್ತಿಗೆ ಬ್ರಿಟನ್ನಿಗೆ ಬರುತ್ತಿದ್ದ ಹೊಗೆಸೊಪ್ಪಿನ ಅರ್ಧದಷ್ಟು ಗ್ಲಾಸ್ಗೋದ ಕ್ಲೈಡ್ ನದಿಯ ಬಂದರುಗಳಿಗೆ ಇಳಿಯುತ್ತಿತ್ತು. ಬಹುಪಾಲು ಮತ್ತೆ ಫ್ರಾನ್ಸ್ ಮೊದಲಾದ ದೇಶಗಳಿಗೆ ರವಾನೆಯಾಗುತ್ತಿತ್ತು. ಆ ಹೊಗೆಸೊಪ್ಪನ್ನು ಬೆಳೆದ ಕೈಗಳಲ್ಲಿ ದೊಡ್ಡ ಪಾಲು ಆಫ್ರಿಕಾದಿಂದ ಹೊತ್ತು ತಂದ ಗುಲಾಮರದು ಮತ್ತು ಅವರ ಮಕ್ಕಳದು.

ಜಾನ್ ಗ್ಲಾಸ್‌ಫರ್ಡ್, ಅಲೆಕ್ಸಾಂಡರ್ ಸ್ಪೀರ್ಸ್, ವಿಲಿಯಂ ಕನ್ನಿಂಗ್‌ಹ್ಯಾಮ್ ಮುಂತಾದ ‘ಟೊಬ್ಯಾಕೊ ಲಾರ್ಡ್’ಗಳು ಕಡುಗೆಂಪು ನಿಲುವಂಗಿ ತೊಟ್ಟು ಟ್ರಾನ್‌ಗೇಟಿನ ಕಲ್ಲುಹಾಸಿನ ಮೇಲೆ ಓಡಾಡುತ್ತಿದ್ದರು. ಗ್ಲಾಸ್‌ಫರ್ಡ್ ಸ್ಟ್ರೀಟ್, ಬ್ಯುಕ್ಯಾನನ್ ಸ್ಟ್ರೀಟ್, ವರ್ಜೀನಿಯಾ ಸ್ಟ್ರೀಟ್ ಎಂಬ ಹೆಸರುಗಳು ಈಗಲೂ ಅದನ್ನೇ ಹೇಳುತ್ತವೆ. ಕನ್ನಿಂಗ್‌ಹ್ಯಾಮ್ ಕಟ್ಟಿಸಿದ ಮಹಲು ಇಂದು ಆಧುನಿಕ ಕಲೆಯ ಗ್ಯಾಲರಿ. ಈ ಸಂಪತ್ತಿನ ಬೇರನ್ನು ಹುಡುಕಿಸಿದ ಗ್ಲಾಸ್ಗೋ ನಗರಾಡಳಿತ, ಗುಲಾಮಗಿರಿಯಲ್ಲಿ ನಗರದ ಪಾತ್ರಕ್ಕಾಗಿ 2022ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿತು. ವರ್ತಕ ಪೂರ್ವಜನನ್ನು ಹುಡುಕಿ ಹೊರಟವರು ಅವನ ಲೆಕ್ಕಪುಸ್ತಕದಲ್ಲಿ ಮನುಷ್ಯರ ಹೆಸರುಗಳನ್ನು ಸರಕಿನ ಸಾಲಿನಲ್ಲಿ ಕಾಣಬೇಕಾದೀತು. ಕಂಡದ್ದನ್ನು ಮರೆಮಾಚದೆ ಬರೆದುಕೊಳ್ಳುವುದು ಈ ಕೆಲಸದ ಭಾಗವೆಂದೇ ನಾನು ನಂಬುತ್ತೇನೆ.

1775ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಆರಂಭವಾಯಿತು. ಅಲ್ಲಿ ಉದ್ದರಿ ಕೊಟ್ಟಿದ್ದ ಹಣ ಅಲ್ಲೇ ಸಿಕ್ಕಿಹಾಕಿಕೊಂಡಿತು. ದೊಡ್ಡವರಲ್ಲಿ ಕೆಲವರು ದಾಸ್ತಾನಿನ ಬೆಲೆ ಏರಿ ಲಾಭವನ್ನೇ ಮಾಡಿಕೊಂಡರು. ಅಲೆಕ್ಸಾಂಡರ್ ಮನ್ರೋ ದಿವಾಳಿಯಾದ. ಆ ಹೊತ್ತಿಗೆ ಮಗ ಥಾಮಸ್ ಗ್ಲಾಸ್ಗೋದ ಶಾಲೆ ಮುಗಿಸಿ, ಸುಮಾರು 13ನೇ ವಯಸ್ಸಿಗೆ ವಿಶ್ವವಿದ್ಯಾಲಯ ಸೇರಿ, ಆಮೇಲೆ ವೆಸ್ಟ್ ಇಂಡೀಸ್ ವ್ಯಾಪಾರದ ಒಂದು ಪೇಢಿಯಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಹತ್ತಿದ್ದ. ವರ್ತಕನಾಗಬೇಕಿದ್ದ ಹುಡುಗನಿಗೆ ವ್ಯಾಪಾರವೇ ಉಳಿಯಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಕೆಡೆಟ್ ಆಗಿ ಹೊರಟವನು 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದ. ಇಲ್ಲಿಂದ ತಂದೆಯ ಸಂಸಾರಕ್ಕೆ ಹಣ ಕಳಿಸುತ್ತಿದ್ದ. ವರ್ಜೀನಿಯಾದ ಹೊಗೆಸೊಪ್ಪಿನ ಸಾಲ ವಸೂಲಾಗಿದ್ದರೆ ಬಳ್ಳಾರಿ ಸೀಮೆಯ ಜಮಾಬಂದಿಯನ್ನು ಬೇರೆ ಯಾರೋ ಮಾಡುತ್ತಿದ್ದರು.

ಇಂಥ ಮನೆತನದ ಬೆನ್ನು ಹತ್ತುವವರಿಗೆ ವಿಶ್ವವಿದ್ಯಾಲಯದ ಪ್ರವೇಶಪುಸ್ತಕವೂ ಒಳ್ಳೆಯ ಆಕರ. ಗ್ಲಾಸ್ಗೋದಲ್ಲಿ 1728ರಿಂದಿನದು ಅಚ್ಚಾಗಿದ್ದು, ಲ್ಯಾಟಿನ್ನಿನಲ್ಲಿ ವಿದ್ಯಾರ್ಥಿಯ ಹೆಸರಿನ ಮುಂದೆ ಅವನು ತಂದೆಯ ಎಷ್ಟನೆಯ ಮಗ, ತಂದೆಯ ಹೆಸರೇನು, ಕಸುಬೇನು ಎಂದು ಬರೆದಿರುತ್ತದೆ. ‘ಮರ್ಕಾಟೋರಿಸ್’ ಎಂಬ ಪದ ಕಂಡರೆ ತಂದೆ ವರ್ತಕನೆಂದು ತಿಳಿಯಬೇಕು. ಗ್ಲಾಸ್ಗೋದ ವ್ಯಾಪಾರಸ್ಥರ ಮೊದಲ ವಿಳಾಸ ಪುಸ್ತಕ 1783ರದು. ಇಂಥ ಹಳೆಯ ವಿಳಾಸ ಪುಸ್ತಕಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಪುಕ್ಕಟೆಯಾಗಿ ಓದಬಹುದು.

ಎಡವುವ ಜಾಗಗಳು

ಒಂದೇ ಮನೆತನದ ಹೆಸರಿದ್ದವರೆಲ್ಲ ಒಂದೇ ವಂಶದವರಲ್ಲ. ಮನ್ರೋ ಎಂಬುದು ಉತ್ತರದ ರಾಸ್ ಸೀಮೆಯ ಒಂದು ಕುಲದ ಹೆಸರಾದರೂ, ಗ್ಲಾಸ್ಗೋದ ಪ್ರತಿ ಮನ್ರೋನನ್ನೂ ಆ ಕುಲದ ನಾಯಕನ ರಕ್ತಸಂಬಂಧಿಯೆಂದು ಜೋಡಿಸಿ ಕೋಟೆಯ ಚಿತ್ರ ಹಾಕಿಕೊಳ್ಳುವುದು ತಪ್ಪು. ಊರಿನ ಪುಸ್ತಕದಲ್ಲಿ ಒಂದೊಂದೇ ಕೊಂಡಿ ಕೂಡಬೇಕು. ಕಾಗುಣಿತ ಸ್ಥಿರವಾಗಿರಲಿಲ್ಲ, ಅದೇ ಮನುಷ್ಯ ಮೂರು ಕಾಗದಗಳಲ್ಲಿ ಮೂರು ಬಗೆಯಾಗಿ ಕಾಣಿಸಿಕೊಳ್ಳಬಹುದು. ಸ್ಕಾಟ್ಲೆಂಡ್ ಹೊಸವರ್ಷವನ್ನು ಜನವರಿ 1ಕ್ಕೆ ತಂದದ್ದು 1600ರಲ್ಲಿ, ಇಂಗ್ಲೆಂಡ್ 1752ರಲ್ಲಿ. ಹೀಗಾಗಿ ಫೆಬ್ರವರಿಯಲ್ಲಿ ಗ್ಲಾಸ್ಗೋದಿಂದ ಬರೆದ ಪತ್ರಕ್ಕೂ ಲಂಡನ್ನಿನ ಅದರ ಉತ್ತರಕ್ಕೂ ಒಂದು ವರ್ಷದ ಅಂತರ ಕಂಡರೆ ಗಾಬರಿಯಾಗಬೇಕಿಲ್ಲ.

ಈ ತುದಿಯಿಂದ ಹುಡುಕುವವರಿಗೆ

ನಮ್ಮ ಕಡೆಯ ಹಳೆಯ ದಂಡುಪ್ರದೇಶಗಳ ಗೋರಿಗಳ ಮೇಲೆ ಸ್ಕಾಟ್ ಹೆಸರುಗಳನ್ನು ಕಂಡವರು ಹಿಮ್ಮುಖವಾಗಿಯೂ ಹೋಗಬಹುದು. ಮದರಾಸು ಪ್ರಾಂತ್ಯದ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಮನ್ರೋನ ಕಾಗದಪತ್ರಗಳೂ ಅಲ್ಲೇ ಇವೆ. 1789ರ ನಂತರ ಕಂಪನಿಯ ಸೈನ್ಯಕ್ಕೆ ಕೆಡೆಟ್ ಆಗಿ ಸೇರಿದವನ ಅರ್ಜಿಯೊಡನೆ ಅವನ ದೀಕ್ಷಾಸ್ನಾನದ ಪ್ರಮಾಣಪತ್ರವೂ ಸಾಮಾನ್ಯವಾಗಿ ಇರುತ್ತದೆ. ಅದರಲ್ಲಿ ಪ್ಯಾರಿಷ್ ಯಾವುದು, ತಂದೆ ಯಾರು ಎಂದು ತಿಳಿದ ಕೂಡಲೇ ಆ ಊರಿನ ಬರ್ಜೆಸ್ ಪಟ್ಟಿ ತೆರೆಯಬೇಕು. ತಂದೆಯ ಹೆಸರಿನ ಪಕ್ಕದಲ್ಲಿ ಗುಮಾಸ್ತ ಬರೆದಿಟ್ಟ ‘ಇಂಥವನ ಹಕ್ಕಿನಿಂದ’ ಎಂಬ ಮಾತಿನಲ್ಲಿ ಅಜ್ಜನ ಹೆಸರು ಕಾದಿರಬಹುದು.